ಪ್ಲಸ್ ಕ್ಲಾಸಿನ ಸೀಟು

ಡಚ್ ಊರಾದ ನೈಮೆಗನ್ನಿನ ಶಾಲೆಯಲ್ಲಿ ನನ್ನ ಮಗಳಿಗೆ ಮಂಗಳವಾರ ಬಂತೆಂದರೆ ಹಬ್ಬ. ಆ ದಿನ ಅವಳನ್ನೂ ಇನ್ನು ಕೆಲವು ಚುರುಕು ಮಕ್ಕಳನ್ನೂ ಮಾಮೂಲಿ ತರಗತಿಯಿಂದ ಎಬ್ಬಿಸಿ ‘ಪ್ಲಸ್ ಕ್ಲಾಸ್’ಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಪಾಠವಿಲ್ಲ, ಅಂಕವಿಲ್ಲ. ಸ್ಪಾಗೆಟಿ ಕಡ್ಡಿಗಳಲ್ಲಿ ಸೇತುವೆ ಕಟ್ಟುವುದು, ಮುರಿದರೆ ಯಾಕೆ ಮುರಿಯಿತೆಂದು ಕೂತು ಚರ್ಚಿಸುವುದು. ಒಂಬತ್ತು ವರ್ಷದ ಹುಡುಗಿಗೆ ಇದರಿಂದೇನು ಬರುತ್ತದೋ ನನಗೆ ತಿಳಿಯುತ್ತಿರಲಿಲ್ಲ. ‘ಪ್ಲಸ್’ ಎಂಬ ಹೆಸರು ಮಾತ್ರ ಬಹಳ ಹಿಡಿಸಿತ್ತು. ಬೆಂಗಳೂರಿಗೆ ಫೋನ್ ಮಾಡಿದಾಗಲೆಲ್ಲ ಅದನ್ನು ಹೇಗಾದರೂ ಮಾತಿನೊಳಗೆ ತುರುಕುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನದು ಹೆಗ್ಗಣವಲ್ಲ ಎಂದು ಶಾಲೆಯೇ ಹೇಳಿತ್ತಲ್ಲ!

ಅಷ್ಟರಲ್ಲಿ ಗಂಡನಿಗೆ ದೂರದ ಆಮ್ಸ್ಟೆಲ್‌ವೀನ್ ಎಂಬ ಊರಿನಲ್ಲಿ ಕೆಲಸವಾಯಿತು. ಅವರು ಮನೆ ಹುಡುಕಿದರು, ನಾನು ಶಾಲೆ ಹುಡುಕಿದೆ. ಹೊಸ ಮನೆಯ ಪಕ್ಕದ ಶಾಲೆಯಲ್ಲಿ ಪ್ಲಸ್ ಕ್ಲಾಸೇ ಇರಲಿಲ್ಲ. ಇನ್ನೊಂದರಲ್ಲಿ ಇತ್ತು, ತಿಂಗಳಿಗೊಮ್ಮೆ. ಟ್ರಾಮ್ ಹತ್ತಿ ಹೋಗಬೇಕಾದ ಮೂರನೆಯದರಲ್ಲಿ ಇಡೀ ವಾರ ಇಂಥ ಮಕ್ಕಳಿಗೇ ಬೇರೆ ತರಗತಿ. ಆದರೆ ನೈಮೆಗನ್ನಿನ ಮಂಗಳವಾರಗಳು ಅವರಿಗೆ ಲೆಕ್ಕಕ್ಕಿಲ್ಲ, ಮಗುವನ್ನು ತಾವೇ ನೋಡಿ ತೀರ್ಮಾನಿಸುತ್ತೇವೆ ಎಂದರು.

“ಪಕ್ಕದ ಸ್ಕೂಲಿಗೇ ಹಾಕೋಣ ಕಣೇ. ಸೈಕಲ್‌ನಲ್ಲಿ ಹೋಗ್ತಾಳೆ, ಫ್ರೆಂಡ್ಸ್ ಸಿಗ್ತಾರೆ” ಎಂದರು ಗಂಡ.

“ಇರೋದನ್ನೂ ಕಳ್ಕೊಂಡು ಕೂತ್ಕೊಳ್ಳೋದಾ?” ಎಂದು ಸಿಡುಕಿದೆ.

ಟೀಚರ್ ಮಗುವಿನ ಜೊತೆ ಸ್ವಲ್ಪ ಮಾತಾಡುತ್ತಾರೆ, ಅಷ್ಟೆ ಎಂದು ಆ ಮೂರನೆಯ ಶಾಲೆಯವರು ತಿಳಿಸಿದ್ದರು. ‘ಅಷ್ಟೆ’ ಅಂದರೆ ಯಾರು ನಂಬುತ್ತಾರೆ? ಎಲ್‌ಕೆಜಿ ಸೀಟಿಗೂ ಇಂಟರ್‌ವ್ಯೂ ನಡೆಯುವ ಊರಿನಿಂದ ಬಂದವಳು ನಾನು. ವಾರವಿಡೀ ಊಟದ ಹೊತ್ತಿನಲ್ಲಿ ಮಗಳನ್ನು ತಯಾರು ಮಾಡಿದೆ. ಹತ್ತೊಂಬತ್ತರ ಮಗ್ಗಿ, ದೇಶಗಳ ರಾಜಧಾನಿಗಳು, ನಗುನಗುತ್ತಾ ಕೈಕುಲುಕುವುದು ಎಲ್ಲ ಆಯಿತು.

“ಗೊತ್ತಿಲ್ಲ ಅಂತ ಮಾತ್ರ ಅನ್ಬೇಡ. ಏನಾದ್ರೂ ಕಷ್ಟ ಆಗುತ್ತಾ ಅಂತ ಕೇಳಿದ್ರೆ, ಏನೂ ಇಲ್ಲ ಅನ್ನು.”

“ಓಕೆ ಅಮ್ಮ” ಎಂದು ಅವಳು ತಟ್ಟೆಯ ಅನ್ನ ಕೆದಕುತ್ತಿದ್ದಳು. ಅವಳ ಅಪ್ಪ ಮೊಸರು ಬಡಿಸಿಕೊಂಡರು.

ಶಾಲೆಯಲ್ಲಿ ಟೀಚರ್ ನನಗೆ ಕಾಫಿ ಕೊಟ್ಟು ಇಂಗ್ಲಿಷಿನಲ್ಲಿ ಎರಡು ಮಾತಾಡಿದರು. ಆಮೇಲೆ ಮಗಳತ್ತ ತಿರುಗಿ ಡಚ್ ಭಾಷೆಯಲ್ಲಿ ಶುರುಮಾಡಿದರು. ಮಗ್ಗಿಯ ಸುದ್ದಿಯೇ ಇಲ್ಲ. ಬೆಕ್ಕು ಇಷ್ಟವೋ ನಾಯಿಯೋ, ಬೇಸರವಾದರೆ ಏನು ಮಾಡುತ್ತೀ, ಇಂಥವೇ. ಕೊನೆಗೆ, “ನಿನಗೆ ಕಷ್ಟವಾಗುವುದು ಯಾವುದು?” ಎಂದರು.

“ಏನೂ ಇಲ್ಲ” ಎಂದಳು ಮಗಳು. ನನ್ನ ಎದೆ ಉಬ್ಬಿತು.

ಟೀಚರ್ ನಗಲಿಲ್ಲ. “ಇಲ್ಲಿನ ಮಕ್ಕಳು ದಿನವೂ ತಪ್ಪು ಮಾಡುತ್ತಾರೆ. ಸುಲಭವಾಗಿ ಎಲ್ಲ ಬರುವವರಿಗೆ ತಪ್ಪು ಮಾಡಲು ಕಲಿಸುವುದೇ ನಮ್ಮ ಕೆಲಸ. ಯಾವುದೂ ಕಷ್ಟವಲ್ಲದಿದ್ದರೆ ನಿನಗೆ ನಾನೇನು ಕಲಿಸಲಿ?” ಎಂದು ಕೇಳಿದರು.

ಸೀಟು ಹೋಯಿತು ಎಂದುಕೊಂಡೆ. ಮಗಳು ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ ನನ್ನ ಪರವಾಗಿ ಡಚ್ ಮಾತಾಡುವವಳು ಅವಳೇ. ನನಗೆ ನಾಲಿಗೆ ಹೊರಳದಿದ್ದರೂ, ಕೇಳಿದ್ದು ಅಷ್ಟಿಷ್ಟು ತಿಳಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ತಪ್ಪು ಮಾಡುವುದು ಕಷ್ಟವಲ್ಲ” ಎಂದು ಅವಳು ಮೆಲ್ಲಗೆ ಡಚ್ಚಿನಲ್ಲೇ ಹೇಳಿದಳು. “ಅದನ್ನು ಅಮ್ಮನಿಗೆ ಹೇಳುವುದು ಕಷ್ಟ.”

ಟೀಚರ್ ನನ್ನ ಕಡೆ ನೋಡಿದರು. ನಾನು ಏನೂ ತಿಳಿಯದವಳಂತೆ ಕಾಫಿ ಕುಡಿದೆ. ರಜೆ ಮುಗಿದ ಮೇಲೆ ಇಲ್ಲಿಗೇ ಬರಲಿ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದಾಗ ಥ್ಯಾಂಕ್ಸ್ ಅಂದು ಖಾಲಿ ಕಪ್ ಕೆಳಗಿಟ್ಟೆ.

ಟ್ರಾಮ್ ಹತ್ತಿದ ಮೇಲೆ ಮಗಳು ನನ್ನ ತೋಳು ಹಿಡಿದು ಕೇಳಿದಳು: “ಅಮ್ಮ, ನಾನು ಟೀಚರ್‌ಗೆ ಏನಂದೆ ಅಂತ ನಿಂಗೆ ಅರ್ಥ ಆಯ್ತಾ?”

“ಇಲ್ಲ ಪುಟ್ಟ” ಎಂದೆ.

ಅವಳಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ತಲೆಯನ್ನು ನನ್ನ ತೋಳಿಗೆ ಒರಗಿಸಿ ನಿದ್ದೆಹೋದಳು.