ಆರರಿಂದ ಎಂಟರವರೆಗೆ

ನನ್ನ ಗಂಡನ ಸೋದರಮಾವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಮದುವೆ ಭಾನುವಾರ ವಿದುರಾಶ್ವತ್ಥದಲ್ಲಿ, ರಿಸೆಪ್ಷನ್ ಸೋಮವಾರ ಸಂಜೆ ಗಂಡಿನ ಊರು ಗೌರಿಬಿದನೂರಿನಲ್ಲಿ ಎಂದು ತಾವೇ ತೀರ್ಮಾನಿಸಿಕೊಂಡು, ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಗೆ ತಿಳಿಸಲು ಅವರು ಗಂಡನ್ನೂ ಕರೆದುಕೊಂಡು ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ರೇಷ್ಮೆಹುಳು ಸಾಕಿ ನನ್ನನ್ನು ಓದಿಸಿದವಳು ಅಮ್ಮ. ಆದರೆ ಗಂಡನಿಲ್ಲದವಳು ಧಾರೆ ಎರೆಯಬಾರದಂತೆ; ಚಿಕ್ಕಪ್ಪ ಚಿಕ್ಕಮ್ಮ ಎರೆಯಲಿ ಎಂದು ಅದನ್ನೂ ಈ ಮಾವನೇ ಹೇಳಿದರು. ಅಮ್ಮ ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿಯಿತು. ರಿಸೆಪ್ಷನ್‌ಗೆ ಯಾವ ಶಾಸ್ತ್ರವೂ ಇಲ್ಲವಲ್ಲ, ಅಲ್ಲಾದರೂ ಅಮ್ಮ ನನ್ನ ಪಕ್ಕ ನಿಲ್ಲಲೇಬೇಕು ಎಂದು ಆಗಲೇ ನಿಶ್ಚಯಿಸಿದೆ.

ತಟ್ಟೆಯಲ್ಲಿದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವುದೂ ಲೆಕ್ಕದ ಪ್ರಕಾರ ಅದೇ ಸೋಮವಾರ. ಹಣ್ಣಾದವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡು ಹಾಳು. ಬೆಳಿಗ್ಗೆ ಹತ್ತರಿಂದ ಕತ್ತಲಾಗುವ ತನಕ ಅಮ್ಮ ಮನೆ ಬಿಟ್ಟು ಕದಲುವ ಹಾಗಿರಲಿಲ್ಲ.

"ಹಾಗಾದ್ರೆ ಬೆಳಿಗ್ಗೆ ಆರರಿಂದ ಎಂಟು ಮಾಡಿ," ಎಂದೆ.

ಮಾವ ಕಾಫಿ ಲೋಟ ಕೆಳಗಿಟ್ಟರು. "ಏಮಮ್ಮಾ, ನಮ್ಮೋರು ರಿಸೆಪ್ಷನ್‌ಗೆ ಬರ್ಬೇಕಾ, ಡೇರಿಗೆ ಹಾಲು ಹಾಕೋಕೆ ಬರ್ಬೇಕಾ?"

"ಎರಡೂ ಮುಗಿಸ್ಕೊಂಡು ಹೋಗ್ಲಿ."

"ಹುಳಕ್ಕೋಸ್ಕರ ಯಾರಾದ್ರೂ ಟೈಮ್ ಬದಲಾಯಿಸ್ತಾರಾ?"

"ಹುಳಕ್ಕಲ್ಲ, ನಮ್ಮಮ್ಮನಿಗೆ. ಆಗಲ್ಲ ಅಂದ್ರೆ ಮದುವೇನೂ ಬೇಡ ಬಿಡಿ."

ಅಮ್ಮ ನನ್ನ ತೊಡೆ ಚಿವುಟಿದಳು. ನನ್ನನ್ನು ಮದುವೆಯಾಗಬೇಕಾದ ಮಹಾನುಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ. ಕೊನೆಗೆ ಮಾವ "ಆಯ್ತಮ್ಮ, ನಿನ್ನಿಷ್ಟ" ಎಂದರು. ನಮಗೆ ಬಂದ ಪತ್ರಿಕೆಯಲ್ಲಿ ಆರರಿಂದ ಎಂಟು ಎಂದೇ ಅಚ್ಚಾಗಿತ್ತು.

ಸೋಮವಾರ ಐದೂಮುಕ್ಕಾಲಿಗೆಲ್ಲ ಅಮ್ಮ ಬಾಡಿಗೆ ಕಾರಿನಲ್ಲಿ ಛತ್ರಕ್ಕೆ ಬಂದಳು, ಮದುವೆಗೂ ಉಡದೆ ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟುಕೊಂಡು. ನಮ್ಮ ಕಡೆಯವರು ಹಿಂದಿನ ದಿನವೇ ಊಟ ಮುಗಿಸಿ ಹೊರಟುಹೋಗಿದ್ದರು. ಬರಬೇಕಾದವರು ಅವರ ಕಡೆಯವರು. ಆರಾಯಿತು, ಏಳಾಯಿತು. ಒಂದು ನರಪಿಳ್ಳೆಯೂ ಇಲ್ಲ. ಈಗ ಬರುತ್ತೇನೆಂದು ನನ್ನನ್ನು ಬಿಟ್ಟು ಹೋದ ಗಂಡನ ಪತ್ತೆಯೂ ಇಲ್ಲ. ಅಡುಗೆಯವರನ್ನು ಕೇಳಿದೆ. "ಹತ್ತಕ್ಕೆ ಎಲೆ ಹಾಕೋಕೆ ಹೇಳಿದಾರಮ್ಮ," ಎಂದರು. ಬಾಗಿಲ ಹತ್ತಿರದ ಮೇಜಿನ ಮೇಲೆ ಅವರ ಕಡೆಯವರಿಗೆ ಹಂಚಿ ಮಿಕ್ಕ ಪತ್ರಿಕೆಗಳಿದ್ದವು. ಒಂದನ್ನು ತೆಗೆದು ನೋಡಿದೆ. ಬೆಳಿಗ್ಗೆ ಹತ್ತು ಗಂಟೆಯಿಂದ ಎಂದಿತ್ತು.

ನಮಗೊಂದು ಪತ್ರಿಕೆ, ಊರಿಗೊಂದು. ಮಾವ ಸಂಜೆಯದ್ದನ್ನು ಬೆಳಿಗ್ಗೆಗೆ ತಂದಿದ್ದರು, ಆದರೆ ಅಮ್ಮ ಇರಲಾಗದ ಹೊತ್ತಿಗೆ. ಲೈಟು ಜೋಡಿಸುತ್ತಿದ್ದ ಫೋಟೋದವನನ್ನು ಕರೆದೆ. "ಗಂಡು ಬರ್ಲಿ ಮೇಡಂ," ಎಂದ. "ಬರೋರು ಬಂದಾಗಿದೆ, ನೀವು ತೆಗೀರಿ," ಎಂದೆ. ಖಾಲಿ ಕುರ್ಚಿಗಳ ಎದುರು ಎಂಟರವರೆಗೂ ಅಮ್ಮನನ್ನು ಸ್ಟೇಜಿನ ಮೇಲೆ ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಆಮೇಲೆ ಅವಳ ಹಿಂದೆಯೇ ಕಾರು ಹತ್ತಿದೆ. ಬೇಡ ಕಣೇ, ಬೇಡ ಕಣೇ ಎಂದು ಚಿಕ್ಕಬಳ್ಳಾಪುರ ದಾಟುವವರೆಗೂ ಬೇಡಿಕೊಂಡಳು.

ಹತ್ತೂಕಾಲಿಗೆ ಮಾವನ ಫೋನ್. "ಎಲ್ಲಿದ್ದೀಯಮ್ಮಾ? ಜನ ಎಲ್ಲ ಬಂದು ಕೂತಿದಾರೆ."

"ಆರರಿಂದ ಎಂಟರವರೆಗೆ ಸ್ಟೇಜ್ ಮೇಲೇ ಇದ್ದೆ ಮಾವ. ನೀವೇ ಕಾಣ್ಸಲಿಲ್ಲ."

ಫೋನ್ ಇಟ್ಟು ಹುಳುಮನೆಗೆ ಹೋದೆ. ಅಮ್ಮ ಬಾಗಿಲಲ್ಲೇ ತಡೆದಳು.

"ಸ್ನಾನ ಮಾಡ್ಕೊಂಡು ಬಾರೇ," ಎಂದಳು. "ಸೆಂಟಿನ ವಾಸನೆ ಹುಳಕ್ಕೆ ಆಗಲ್ಲ."