ಬಾವಿ ದೊಡ್ಡಮ್ಮನ ಕಾವಲು

ನಮ್ಮ ಬೀದಿಯ ಬಾವಿಗೊಂದು ಸೈನ್ಯವಿತ್ತು. ಅದರ ಸೇನಾಪತಿಯೂ ಕಾಲಾಳೂ ಒಬ್ಬಳೇ, ಬಾವಿ ದೊಡ್ಡಮ್ಮ. ನೀರನ್ನು ಯಾರು ಬೇಕಾದರೂ ಸೇದಬಹುದಿತ್ತು, ಆದರೆ ಸೋಪು, ಚಪ್ಪಲಿ, ಎಂಜಲು ಮಾತ್ರ ಕಟ್ಟೆ ಹತ್ತುವಂತಿರಲಿಲ್ಲ. ಹಲ್ಲುಜ್ಜುತ್ತ ಬಂದ ಮೇಷ್ಟ್ರನ್ನು, "ಉಗುಳೋಕೆ ನಿಮ್ಮನೇಲಿ ಬಚ್ಚಲಿಲ್ವಾ ಮೇಷ್ಟ್ರೇ?" ಎಂದು ನೊರೆಬಾಯಲ್ಲೇ ಓಡಿಸಿದ್ದಳು. ರಾಟೆಯ ಮೇಲೆ ಕಾಗೆ ಕೂತರೆ ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಬೀದಿಗೆ ಬಂದ ಹೊಸ ಅಳಿಯನಿಗೂ ಹಗ್ಗ ಮುಟ್ಟುವ ಮೊದಲು ಕೈ ತೊಳೆಸಿದಳು, "ಅಳಿಯಂದಿರ ಕೈಗೆ ಕೊಳೆ ಅಂಟಲ್ವಾ?" ಎಂಬುದು ಅವಳ ನ್ಯಾಯ. ಬಾವಿಯ ನೀರು ಕನ್ನಡಿಯಂತಿತ್ತು. ಹಾಗಿದ್ದೂ ಒಂದು ಮಳೆಗಾಲದಲ್ಲಿ ಬೀದಿಯ ಮಕ್ಕಳೆಲ್ಲ ವಾಂತಿಭೇದಿಯಿಂದ ಮಲಗಿದರು, ಅವಳ ಮೊಮ್ಮಗಳೂ ಸೇರಿ. ನೀರು ಪರೀಕ್ಷಿಸಲು ಬಂದ ಆರೋಗ್ಯ ಇಲಾಖೆಯಾಕೆ ಬಾವಿ ಪಕ್ಕದ ಗೋಡೆಯಾಚೆಗೆ ಬೆರಳು ತೋರಿಸಿ, "ಆ ಕಕ್ಕಸು ಗುಂಡಿ ಯಾರದಮ್ಮ? ಅದರ ಕೊಳಕೇ ಮಣ್ಣೊಳಗಿಂದ ಬಾವಿಗೆ ಜಿನುಗ್ತಿದೆ," ಎಂದಳು. ಗುಂಡಿ ದೊಡ್ಡಮ್ಮನದೇ. ಒಳಗೆ ಕೂತಾಗಲೂ ಬಾವಿಯ ಮೇಲೆ ಕಣ್ಣಿರಲಿ ಎಂದು, ಮನೆಯವರೆಲ್ಲ ಬೇಡವೆಂದರೂ ಪಟ್ಟು ಹಿಡಿದು, ಕಕ್ಕಸನ್ನು ಬಾವಿಯ ಪಕ್ಕದಲ್ಲೇ ಕಟ್ಟಿಸಿ ಈ ಕಡೆಗೊಂದು ಕಿಂಡಿ ಇಡಿಸಿದ್ದಳು. ಮಕ್ಕಳು ಚೇತರಿಸಿಕೊಂಡರು, ಇಲಾಖೆಯವರು ಗುಂಡಿ ಮುಚ್ಚಿಸಿದರು, ಮನೆಮನೆಗೆ ನಲ್ಲಿ ಬಂತು. ದೊಡ್ಡಮ್ಮ ಈಗಲೂ ಕಟ್ಟೆಯ ಮೇಲೆಯೇ ಕೂರುತ್ತಾಳೆ. ಅಪ್ಪಿತಪ್ಪಿ ಯಾರಾದರೂ ಕೊಡ ತಂದರೆ, "ಬೇಡ ಮಗಾ, ನಲ್ಲೀಲಿ ಹಿಡ್ಕೊ," ಎನ್ನುತ್ತಾಳೆ, ಅಷ್ಟೇ. ಮೊನ್ನೆ ಮೇಷ್ಟ್ರು, ಹಳೆಯ ಬೈಗುಳ ಒಮ್ಮೆ ಕೇಳೋಣವೆಂಬ ಆಸೆಗೆ, ಹಲ್ಲುಜ್ಜುತ್ತ ಬಂದು ಕಟ್ಟೆಯ ಮೇಲೆಯೇ ಉಗುಳಿದರು. ಅವಳು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು.