‘ಪಕ್ಷೇ.’ ಎಂದರೆ ಯಾವ ಶಾಂತವ್ವ?

ಸೋತದ್ದು ನಾನೇ. ಮೋಸವೇನೂ ಆಗಲಿಲ್ಲ. ವೋಟಿನ ಮಶೀನಿನಲ್ಲಿ ಹೆಸರಿನ ಮುಂದೆ ಚಿಹ್ನೆ ಇತ್ತು. ಜನ ನೋಡಿಯೇ ಒತ್ತಿದ್ದರು. ಹಾಗಿದ್ದೂ ಅರ್ಧ ದಿನ ನಾನು ಗೆದ್ದವಳಾಗಿ ಕುಳಿತದ್ದು ಪೇಪರಿನವರು ಒಂದು ಪದವನ್ನು ಮೊಟಕು ಮಾಡಿದ್ದರಿಂದ.

ಆಗ ನಾನು ರಬಕವಿ-ಬನಹಟ್ಟಿಯಲ್ಲಿ ನಗರಸಭೆ ಸದಸ್ಯೆ. ನಾಲ್ಕನೆಯ ಇಯತ್ತೆ ಓದಿ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಂಡಿದ್ದ ನನಗೆ ಪಕ್ಷ ಟಿಕೆಟ್ ಕೊಟ್ಟಿತ್ತು. ಐದು ವರ್ಷ ಗಟಾರ, ಬೀದಿದೀಪ ಎಂದು ಓಡಾಡಿದೆ. ಎರಡನೆಯ ಸಲ ನಿಂತಾಗ ಹಿಂದಿನ ಓಣಿಯಿಂದ ನನ್ನ ಹೆಸರಿನವಳೇ ಇನ್ನೊಬ್ಬ ಶಾಂತವ್ವ ನಿಂತಳು. ಅಡ್ಡಹೆಸರೂ ಒಂದೇ. ಅವಳಿಗೆ ಪಕ್ಷವಿರಲಿಲ್ಲ; ಪಕ್ಷೇತರ.

ಎಣಿಕೆಯ ದಿನ ನನ್ನ ಏಜೆಂಟನಾಗಿ ಒಳಗೆ ಕುಳಿತವನು ನಮ್ಮಣ್ಣನ ಮಗ ಈರಣ್ಣ. ಅಲ್ಲಿ ಮೊಬೈಲ್ ಬಿಡುವುದಿಲ್ಲ. ಹಾಗಾಗಿ ಮನೆಗೆ ಮೊದಲು ಮುಟ್ಟಿದ್ದು ಪೇಪರಿನವರ ಗೆದ್ದವರ ಪಟ್ಟಿ. ಪಕ್ಷದ ಕಾರ್ಯಕರ್ತ ಸಿದ್ದಪ್ಪನ ವಾಟ್ಸಾಪಿಗೆ ಯಾರೋ ನಮ್ಮ ವಾರ್ಡಿನ ಸಾಲನ್ನಷ್ಟೇ ಕತ್ತರಿಸಿ ಕಳಿಸಿದ್ದರು. ಶಾಂತವ್ವ, ಅಡ್ಡಹೆಸರು, ಅದರ ಮುಂದೆ ‘ಪಕ್ಷೇ.’

“ಪಕ್ಷ ಅಂತ ಐತಿ ನೋಡ್ರಿ! ಅಕ್ಕಾರ, ನೀವ ಆರಿಸಿ ಬಂದ್ರಿ!” ಎಂದ ಸಿದ್ದಪ್ಪ.

“ಪಕ್ಷೇ ಅಂತ ಯಾಕ ಐತೋ? ಆ ಬಾಲಾ ಎದಕ?”

“ಖುಷೀಲೆ ಎಳದು ಬರದಾರ್ರಿ. ಬಾಯಿ ತೆರೀರಿ, ಪೇಢೆ ಹಿಡೀರಿ.”

ನಾನೂ ಬಾಯಿ ತೆರೆದೆ. ಹಲಗಿ ಬಾರಿಸುವವರು ಬಂದರು, ಗುಲಾಲು ಹಾರಿತು, ಕೊರಳಿಗೆ ಹಾರ ಬಿತ್ತು. ಹೊತ್ತು ಇಳಿಯುವಾಗ ಈರಣ್ಣ ಬಂದ. ಅವನ ಮೈಮೇಲೆ ಗುಲಾಲಿನ ಚುಕ್ಕೆಯೂ ಇರಲಿಲ್ಲ.

“ಅತ್ತಿ, ಮೊದಲ ಹಲಗಿ ನಿಲ್ಲಸ್ರಿ. ಅದು ಪಕ್ಷೇತರ. ಆಕಿ ಬಂದಾಳ.”

ಯಾರೂ ಜಗಳಾಡಲಿಲ್ಲ. ಹಲಗಿಯವರು ಒಂದು ಸಲ ನನ್ನ ಕಡೆ ನೋಡಿ ಹಿಂದಿನ ಓಣಿಗೆ ನಡೆದರು. ಜನವೂ ಹೋಯಿತು. ಅವರ ಮುಖಕ್ಕೆ ಗುಲಾಲು ಹಚ್ಚಿಯೇ ಇತ್ತು. ಅಲ್ಲಿ ಹೋಗಿ ಮತ್ತೆ ಹಚ್ಚಿಕೊಳ್ಳುವ ತ್ರಾಸವೂ ತಪ್ಪಿತು. “ಒಂಚೂರು ಕೆಲಸ ಐತ್ರಿ” ಎಂದು ಸಿದ್ದಪ್ಪ ಎದ್ದ. ನನ್ನ ಮಗ ಮಗ್ಗ ಹಚ್ಚಲು ಹೋದ. ಈರಣ್ಣನೂ ಹೆಚ್ಚು ಹೊತ್ತು ಕೂರಲಿಲ್ಲ. ಅಂಗಳದ ತುಂಬ ಬಾಡಿಗೆ ಕುರ್ಚಿ, ನಡುವೆ ನಾನೊಬ್ಬಳು. ಗೋಡೆಯ ಆಚೆ ಅದೇ ಹಲಗಿ ಕೇಳಿಸಿತು. ಹಾರ ನಾನೇ ತೆಗೆದುಕೊಂಡೆ.

ಆಮೇಲೆ ಪೇಪರಿನವರಿಗೆ ಫೋನ್ ಹಚ್ಚಿ, ಪದ ಪೂರ್ತಿ ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

“ಜಾಗ ಸಾಲಂಗಿಲ್ರಿ ಅವ್ವಾರ. ಎಲ್ಲಾರೂ ಹಂಗ ಬರೀತಾರ,” ಎಂದ ಅಲ್ಲಿಯವನು.

“ನನ್ನ ಸೋಲಿಗೆ ಕೇಳಾಕತ್ತಿಲ್ಲ ತಮ್ಮಾ. ‘ತರ’ ಅಂತ ಎರಡ ಅಕ್ಷರ ಉಳದಾವು, ಹಾಕು. ಗೆದ್ದಾಕಿ ಯಾರಂತ ಊರಿಗೆ ತಿಳೀಲಿ.”

ಒಂದೇ ಹೆಸರಿನವರು ನಮ್ಮ ಕಡೆ ಓಣಿಗೊಬ್ಬರು ಸಿಗುತ್ತಾರೆ. ಯಾರು ಯಾವ ಪಕ್ಷ, ಯಾರು ಪಕ್ಷೇತರ ಎಂದು ಪಟ್ಟಿಯಲ್ಲಿ ಪೂರ್ತಿ ಬರೆಯಬೇಕು. ಅರ್ಧ ಬರೆದರೆ ಓದುವವರು ತಮಗೆ ಬೇಕಾದದ್ದನ್ನೇ ಓದುತ್ತಾರೆ, ನಾನೂ ಓದಿದೆ. ಜನ ಬರುವುದು ಸದಸ್ಯೆಯ ಮನೆಗೆ, ಶಾಂತವ್ವನ ಮನೆಗಲ್ಲ. ಐದು ವರ್ಷದ ಕೆಲಸ ಅದನ್ನು ಕಲಿಸಿದ್ದು ಕೊನೆಯ ದಿನ.

ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬರಲಿಲ್ಲ. ಖಾಲಿ ಕೊಡ ಹಿಡಿದು ಹಿಂದಿನ ಓಣಿಗೆ ಹೋದೆ. ಶಾಂತವ್ವ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಕಂಡು ಕಸಬರಿಗೆ ಕೆಳಗಿಟ್ಟಳು.

“ಮೆಂಬರ್ರ, ನಮ್ಮ ಓಣ್ಯಾಗ ನೀರು ಬಂದಿಲ್ಲರಿ,” ಎಂದೆ.